ಪುಕ್ಕಟೆ ಯೋಗ ಸಿಗುವ ಊರಲ್ಲಿ ದುಡ್ಡು ಕೊಟ್ಟು ಬರುವವರು ಯಾರು? ಕಡಿಮೆ ಖರ್ಚಿನಲ್ಲಿ ಯೋಗ ತರಗತಿಯ ಪ್ರಚಾರ

ಶಿವಮೊಗ್ಗದ ವಿನೋಬನಗರದಲ್ಲಿ ಮಹಡಿ ಮೇಲಿನ ಒಂದು ಕೋಣೆ ಹಿಡಿದು ಯೋಗ ತರಗತಿ ಶುರು ಮಾಡಿದಾಗ ನಾನು ಮಾಡಿದ ಮೊದಲ ಕೆಲಸ ಎರಡು ಸಾವಿರ ಪಾಂಪ್ಲೆಟ್ ಹೊಡೆಸಿದ್ದು. ಪೇಪರ್ ಒಳಗೆ ಇಟ್ಟು ಹಂಚಲು ಕೊಟ್ಟೆ. ಜುಲೈ ತಿಂಗಳು. ಮಲೆನಾಡಿನ ಜುಲೈ ಹೇಗಿರುತ್ತದೆ ಗೊತ್ತಲ್ಲ. ಅರ್ಧ ಪೇಪರು ಗೇಟಿನ ಹತ್ತಿರವೇ ನೆನೆದು ಮುದ್ದೆಯಾದವು. ಬಂದದ್ದು ಮೂರೇ ಫೋನು. ಒಬ್ಬರು ಜುಂಬಾ ಇದೆಯಾ ಎಂದು ಕೇಳಿದರು. ಇನ್ನಿಬ್ಬರು, "ಫ್ರೀ ಅಲ್ವಾ ಮೇಡಂ?" ಎಂದರು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮ ಊರಿನಲ್ಲಿ ಯೋಗ ನಿಜವಾಗಿಯೂ ಪುಕ್ಕಟೆ ಸಿಗುತ್ತದೆ. ಪಾರ್ಕಿನಲ್ಲಿ, ದೇವಸ್ಥಾನದ ಸಭಾಭವನದಲ್ಲಿ, ಸಮುದಾಯ ಭವನದಲ್ಲಿ ಬೆಳಗಿನ ಜಾವ ಎದ್ದು ಬಂದು ಶ್ರದ್ಧೆಯಿಂದ ಕಲಿಸುವವರಿದ್ದಾರೆ. ಒಂದು ರೂಪಾಯಿ ಮುಟ್ಟದವರು. ಅವರ ಮೇಲೆ ನನಗೆ ಗೌರವವೇ ಇದೆ. ಯೂಟ್ಯೂಬ್ ಬೇರೆ ಇದೆ. ಹೀಗಿರುವಾಗ "ಯೋಗ ಕಲಿಸುತ್ತೇನೆ ಬನ್ನಿ" ಎಂದರೆ ಯಾರು ಬರುತ್ತಾರೆ? ಐವತ್ತು ಜನರ ಸಾಲಿನಲ್ಲಿ ಸಿಗದ ಒಂದು ವಸ್ತು ನಿಮ್ಮ ಹತ್ತಿರ ಇರಬೇಕು. ಅದು ಸಾಮಾನ್ಯವಾಗಿ ಗಮನ. "ನಿಮ್ಮ ಮಂಡಿಗೆ ಇದು ಬೇಡ, ಹೀಗೆ ಮಾಡಿ" ಎಂದು ಪಕ್ಕದಲ್ಲಿ ನಿಂತು ಹೇಳುವುದು. ಜನ ಫೀಸು ಕೊಡುವುದು ಅದಕ್ಕೆ. ಕೆಳಗೆ ಹೇಳಿರುವುದೆಲ್ಲ ಆ ಗಮನ ಬೇಕಾದವರಿಗೆ ನೀವು ಇಲ್ಲಿದ್ದೀರಿ ಎಂದು ತಿಳಿಸುವ ದಾರಿಗಳು, ಅಷ್ಟೇ.

ಪ್ರಚಾರ ಎಂದರೆ ಯೋಗಕ್ಕೆ ಕಡಿಮೆ ಎಂದುಕೊಳ್ಳುವವರಿಗೆ ಒಂದು ಮಾತು. ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದರು. ನಾಲ್ವಡಿಯವರ ಆಶ್ರಯವಿತ್ತು. ಆದರೂ ಶಿಷ್ಯರನ್ನು ಕಟ್ಟಿಕೊಂಡು ಊರೂರಿಗೆ ಹೋಗಿ ಜನರ ಮುಂದೆ ಆಸನಗಳನ್ನು ಮಾಡಿ ತೋರಿಸುತ್ತಿದ್ದರು. ಮಹಾರಾಜರೇ ಬೆನ್ನಿಗಿದ್ದವರು ಇಷ್ಟು ಓಡಾಡಿದ್ದಾರೆ, ನಮ್ಮದೇನು.

ಮೊದಲ ಹೆಜ್ಜೆ: ಯಾರಿಗೆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ

ಇದಕ್ಕೆ ಖರ್ಚಿಲ್ಲ, ಆದರೆ ಜನ ಇದನ್ನೇ ಬಿಟ್ಟುಬಿಡುತ್ತಾರೆ. "ಎಲ್ಲ ವಯಸ್ಸಿನವರಿಗೆ, ಎಲ್ಲ ಸಮಸ್ಯೆಗಳಿಗೆ" ಎಂದು ಬರೆದ ಬೋರ್ಡನ್ನು ಓದಿದವರಿಗೆ ಅದು ತಮಗಾಗಿ ಎಂದು ಅನ್ನಿಸುವುದೇ ಇಲ್ಲ.

ನನಗೆ ಆ ಸಾಲು ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ರಾಗಿ ಬೀಸಿಸಲು ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಗುರುತು ಹಿಡಿದು ಮಾತಾಡಿಸಿದರು.

"ನೀವೇ ಅಲ್ವಾ ಯೋಗ ಮೇಡಂ? ನಮ್ಮನೆಗೂ ಪಾಂಪ್ಲೆಟ್ ಬಂದಿತ್ತು."

"ಹೌದಕ್ಕ. ಬನ್ನಿ ಒಂದ್ಸಲ."

"ಅಯ್ಯೋ, ನಂಗೆ ನೆಲದ ಮೇಲೆ ಕೂರಕ್ಕೇ ಆಗಲ್ಲ. ಯೋಗ ಎಲ್ಲಿ ಮಾಡ್ಲಿ?"

ಮನೆಗೆ ಬಂದು ಯೋಚಿಸಿದೆ. ಹೀಗೆಂದುಕೊಂಡು ಹೊರಗೇ ಉಳಿದವರು ಬೀದಿಗೆ ಎಷ್ಟು ಜನರಿರಬಹುದು? ಮರುವಾರವೇ ಗಿರಣಿಯ ಗೋಡೆಗೆ ಕೈಬರಹದ ಒಂದು ಚೀಟಿ ಅಂಟಿಸಿದೆ: "ನೆಲದ ಮೇಲೆ ಕೂರಲು ಆಗದವರಿಗೆ ಕುರ್ಚಿಯಲ್ಲಿ ಯೋಗ. ಬೆಳಗ್ಗೆ 10.30. ಹೆಂಗಸರಿಗೆ." ಎರಡು ಸಾವಿರ ಪಾಂಪ್ಲೆಟ್ ತರದಷ್ಟು ಜನರನ್ನು ಆ ಚೀಟಿ ತಂದಿತು. ಸಮಯವನ್ನೂ ಗಮನಿಸಿ. ಹತ್ತೂವರೆ ಎಂದರೆ ತಿಂಡಿ ಮುಗಿದಿರುತ್ತದೆ, ಮಕ್ಕಳು ಸ್ಕೂಲಿಗೆ ಹೋಗಿರುತ್ತಾರೆ, ಮಧ್ಯಾಹ್ನದ ಅಡುಗೆಗೆ ಇನ್ನೂ ಹೊತ್ತಿರುತ್ತದೆ. ಬೆಳಗ್ಗೆ ಐದೂವರೆಯ ತರಗತಿಗೆ ಇವರು ಯಾವತ್ತೂ ಬರುತ್ತಿರಲಿಲ್ಲ.

ನಿಮ್ಮ ಸಾಲು ಬೇರೆ ಇರಬಹುದು. ಇಡೀ ದಿನ ಅಂಗಡಿ ಗಲ್ಲಾದಲ್ಲಿ ಕೂತು ಬೆನ್ನು ಹಿಡಿದವರು, ಹೆರಿಗೆಯಾಗಿ ಆರು ತಿಂಗಳಾದವರು, ಪಿಯುಸಿ ಮಕ್ಕಳು, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದು ಸೊಂಟ ಬಿದ್ದುಹೋದವರು. ಒಂದನ್ನು ಹಿಡಿಯಿರಿ. ಅದು ನಿಮಗೆ ಕಲಿಸಲು ಬರಬೇಕು ಅನ್ನುವುದು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು: ಲೆಕ್ಕ

ಐದು ಸಾವಿರ ರೂಪಾಯಿ ಇದೆ ಎಂದುಕೊಳ್ಳೋಣ. ನಾನಾದರೆ ಹೀಗೆ ಹಂಚುತ್ತೇನೆ. ಬಾಗಿಲಿಗೆ ಒಂದು ಒಳ್ಳೆಯ ಬೋರ್ಡಿಗೆ 1,500. ಬರಿಗೈಲಿ ಬಂದವರಿಗೆ ಹಾಸಲು ನಾಲ್ಕೈದು ಮ್ಯಾಟ್‌ಗೆ 1,500. ಸಣ್ಣ ಚೀಟಿ, ವಿಸಿಟಿಂಗ್ ಕಾರ್ಡಿಗೆ 700. ಉಳಿದ 1,300 ಮುಟ್ಟಬೇಡಿ. ಮೂರನೇ ತಿಂಗಳಿಗೆ ಇರಲಿ.

ಬಾಡಿಗೆಯೇ ದೊಡ್ಡ ಖರ್ಚು. ಸ್ವಂತ ಹಾಲ್ ಹಿಡಿಯುವ ಆಸೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಭರತನಾಟ್ಯ ಕ್ಲಾಸು, ನರ್ಸರಿ ಶಾಲೆ, ಟ್ಯೂಷನ್ ಕೋಣೆ, ಇವೆಲ್ಲ ಬೆಳಗ್ಗೆ ಆರರಿಂದ ಎಂಟರವರೆಗೆ ಖಾಲಿ ಇರುತ್ತವೆ. ಆ ಹೊತ್ತಿಗೆ ಮಾತ್ರ ಕೇಳಿ. ತಿಂಗಳಿಗೆ 2,500 ಬಾಡಿಗೆ, ಒಬ್ಬರಿಗೆ 700 ಫೀಸು ಎಂದಾದರೆ ನಾಲ್ಕು ಜನಕ್ಕೆ ಬಾಡಿಗೆ ಹುಟ್ಟುತ್ತದೆ. ಐದನೆಯವರಿಂದ ನಿಮ್ಮ ದುಡಿಮೆ. ಈ "ನಾಲ್ಕು" ಎಂಬ ಸಂಖ್ಯೆ ತಲೆಯಲ್ಲಿದ್ದರೆ ಗಾಬರಿ ಕಡಿಮೆಯಾಗುತ್ತದೆ. ನೀವು ಹುಡುಕಬೇಕಾದ್ದು ಇಡೀ ಶಿವಮೊಗ್ಗವನ್ನಲ್ಲ, ಮೊದಲು ನಾಲ್ಕು ಜನರನ್ನು.

ಫ್ಲೆಕ್ಸ್ ಮಾತ್ರ ಬೇಡ. ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರನ್ನು ಕರ್ನಾಟಕದಲ್ಲಿ 2016ರಲ್ಲೇ ನಿಷೇಧಿಸಲಾಗಿದೆ. ಊರ ತುಂಬ ಕಾಣುತ್ತದಲ್ಲ ಎನ್ನಬಹುದು. ಕಾಣುತ್ತದೆ, ನಿಜ. ಆದರೆ ಕಂಬಕ್ಕೆ ಕಟ್ಟಿದ್ದನ್ನು ಪಾಲಿಕೆಯವರು ಕಿತ್ತು ಲಾರಿಗೆ ಹಾಕಿದರೆ ಹೋಗುವುದು ನಿಮ್ಮ ದುಡ್ಡು. ಬಟ್ಟೆಯ ಮೇಲೆ ಬರೆಸಿ, ನಿಮ್ಮದೇ ಕಟ್ಟಡಕ್ಕೆ, ಮಳೆ ಎರಚದ ಕಡೆ ಕಟ್ಟಿ.

ಮೂರನೆಯದು: ಸುತ್ತಲಿನ ಒಂದು ಕಿಲೋಮೀಟರು

ಯೋಗ ತರಗತಿಗೆ ಜನ ದೂರದಿಂದ ಬರುವುದಿಲ್ಲ. ಬಂದರೂ ಮಳೆಗಾಲದಲ್ಲಿ ಬಿಡುತ್ತಾರೆ. ಗೋಪಾಲ ಬಡಾವಣೆಯವರು ವಿನೋಬನಗರಕ್ಕೆ ಒಂದು ವಾರ ಬರಬಹುದು, ಒಂದು ವರ್ಷ ಬರುವುದಿಲ್ಲ. ಹಾಗಾಗಿ ನಿಮ್ಮ ಪೇಟೆ ಎಂದರೆ ನಡೆದು ಹದಿನೈದು ನಿಮಿಷ, ಸ್ಕೂಟಿಯಲ್ಲಿ ಐದು ನಿಮಿಷ.

ಒಂದು ಭಾನುವಾರ ಆ ಸುತ್ತಳತೆಯನ್ನು ಕಾಲ್ನಡಿಗೆಯಲ್ಲಿ ಸುತ್ತಿ. ಜನ ಸುಮ್ನೆ ಕಾಯುತ್ತಾ ನಿಲ್ಲುವ ಜಾಗಗಳನ್ನು ಬರೆದುಕೊಳ್ಳಿ. ಹಿಟ್ಟಿನ ಗಿರಣಿ, ಮೆಡಿಕಲ್ ಶಾಪು, ಟೈಲರ್ ಅಂಗಡಿ, ಬ್ಯೂಟಿ ಪಾರ್ಲರು, ಜೆರಾಕ್ಸ್ ಅಂಗಡಿ, ಸ್ಕೂಲ್ ಗೇಟು. ಅಲ್ಲಿ ನಿಂತವರಿಗೆ ಗೋಡೆ ಓದಲು ಹೊತ್ತಿರುತ್ತದೆ. ಕೈಗೆ ಕೊಟ್ಟ ಪಾಂಪ್ಲೆಟ್ ನೇರ ಕಸದ ಬುಟ್ಟಿಗೆ ಹೋಗುತ್ತದೆ, ಗಿರಣಿಯ ಗೋಡೆಯ ಚೀಟಿಯನ್ನು ಹಿಟ್ಟು ಬೀಸುವಷ್ಟು ಹೊತ್ತು ಓದುತ್ತಾರೆ.

ಅಂಗಡಿಯವರನ್ನು ಕೇಳಿಯೇ ಅಂಟಿಸಿ. ಅಲ್ಲೇ ಏನಾದರೂ ಕೊಂಡುಕೊಳ್ಳಿ. ಟೈಲರಿಗೆ ನಿಮ್ಮ ಪ್ಯಾಂಟು ಹೊಲಿಯಲು ಕೊಡಿ. ಇದು ಉಪಾಯವಲ್ಲ, ಊರಿನ ಲೆಕ್ಕಾಚಾರ. ಸಂಜೆಯವರೆಗೆ ಮಿಷನ್ ಮುಂದೆ ಕೂರುವ ಟೈಲರಿಗೇ ಮೊದಲು ಕುತ್ತಿಗೆ ನೋವಿರುತ್ತದೆ. ಎರಡು ನಿಮಿಷ ಭುಜ ತಿರುಗಿಸುವುದನ್ನು ಅಲ್ಲೇ ತೋರಿಸಿಕೊಡಿ. ಬಂದವರಿಗೆಲ್ಲ ಅವರೇ ಹೇಳುತ್ತಾರೆ.

ಊರಾಚೆ, ತೀರ್ಥಹಳ್ಳಿ, ಹೊಸನಗರದ ಕಡೆಯ ಹಳ್ಳಿಯಲ್ಲಿದ್ದರೆ ಈ ಪಟ್ಟಿ ಬದಲಾಗುತ್ತದೆ. ಅಲ್ಲಿ ಹಾಲಿನ ಡೇರಿ, ಸೊಸೈಟಿ, ಸ್ತ್ರೀಶಕ್ತಿ ಸಂಘದ ವಾರದ ಸಭೆ. ಸಂಘದ ಸಭೆಯಲ್ಲಿ ಹತ್ತು ನಿಮಿಷ ಕೇಳಿ ಪಡೆಯಿರಿ. ಭಾಷಣ ಮಾಡಬೇಡಿ. ಎಲ್ಲರನ್ನೂ ಕೂತಲ್ಲೇ ಸೊಂಟ ತಿರುಗಿಸಲು ಹೇಳಿ. ಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿ ಆನ್‌ಲೈನ್ ತರಗತಿ ಶುರು ಮಾಡುವ ಮೊದಲು ಎರಡು ಸಲ ಯೋಚಿಸಿ. ಕರೆಂಟ್ ಹೋಯಿತೆಂದರೆ ಟವರೂ ಹೋಗುವ ಜಾಗಗಳಿವೆ.

ನಾಲ್ಕನೆಯದು: ಗೂಗಲ್ ಮ್ಯಾಪಿನಲ್ಲಿ ನಿಮ್ಮ ಹೆಸರು

ಗೂಗಲ್ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. ಹೆಸರು, ವಿಳಾಸ, ಫೋನು, ಸಮಯ ತುಂಬಿ "ಯೋಗ ಸ್ಟುಡಿಯೋ" ಎಂಬ ವರ್ಗ ಆರಿಸಿದರೆ, ಗೂಗಲ್‌ನವರು ಪರಿಶೀಲನೆ ಕೇಳುತ್ತಾರೆ. ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಬೀದಿ, ಬೋರ್ಡು, ಒಳಗಿನ ಕೋಣೆ ಎಲ್ಲ ಒಂದೇ ವಿಡಿಯೋದಲ್ಲಿ ಕಾಣಬೇಕು. ಬೋರ್ಡಿಗೆ ಮೊದಲೇ ದುಡ್ಡು ಇಡಿ ಎಂದದ್ದು ಇದಕ್ಕೂ ಸೇರಿ.

ಇಲ್ಲಿ ನಮ್ಮ ಊರಿಗೇ ಒಂದು ತೊಡಕಿದೆ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಊರಿನ ಹೆಸರು ಶಿವಮೊಗ್ಗ ಎಂದಾಯಿತು. ಆದರೆ ಇವತ್ತಿಗೂ ಬಹಳ ಜನ ಫೋನಿನಲ್ಲಿ ಹಳೆಯ "ಶಿಮೊಗ"ದ ಸ್ಪೆಲ್ಲಿಂಗನ್ನೇ ಒತ್ತುತ್ತಾರೆ. ಹಾಗಾಗಿ ವಿವರಣೆ ಬರೆಯುವಾಗ ಇಂಗ್ಲಿಷಿನ ಎರಡೂ ಸ್ಪೆಲ್ಲಿಂಗು ಬರಲಿ, ಕನ್ನಡದಲ್ಲೂ ಎರಡು ಸಾಲು ಇರಲಿ. ಬಡಾವಣೆಯ ಹೆಸರು, ಹತ್ತಿರದ ಸರ್ಕಲ್ಲು ಮರೆಯಬೇಡಿ. ಆದರೆ ಇದನ್ನೆಲ್ಲ ಸಂಸ್ಥೆಯ ಹೆಸರಿನ ಜಾಗಕ್ಕೇ ತುರುಕಬೇಡಿ. ಬೋರ್ಡಿನಲ್ಲಿರುವ ಹೆಸರೇ ಅಲ್ಲಿರಬೇಕು ಎನ್ನುವುದು ಗೂಗಲ್‌ನ ನಿಯಮ.

ರಿವ್ಯೂ ಕೇಳಲು ನಾಚಿಕೆ ಬೇಡ. ಎರಡು ತಿಂಗಳು ಬಂದವರಿಗೆ ಲಿಂಕ್ ಕಳಿಸಿ, "ಏನು ಅನುಕೂಲವಾಯಿತು, ಕನ್ನಡದಲ್ಲೇ ಎರಡು ಸಾಲು ಬರೀರಿ" ಎನ್ನಿ. ರಿವ್ಯೂ ಬರೆದರೆ ಫೀಸಿನಲ್ಲಿ ರಿಯಾಯಿತಿ ಎನ್ನಬೇಡಿ. ಅದೂ ನಿಯಮಕ್ಕೆ ವಿರುದ್ಧ. ಅದೂ ಅಲ್ಲದೆ ಅಂಥ ರಿವ್ಯೂ ಓದಿದರೇ ಗೊತ್ತಾಗಿಬಿಡುತ್ತದೆ.

ಐದನೆಯದು: ವಾಟ್ಸಾಪ್, ಮಿತವಾಗಿ

ವಾಟ್ಸಾಪ್ ಬಿಸಿನೆಸ್ ಆ್ಯಪ್ ಕೂಡ ಉಚಿತ. ಸಮಯ, ಫೀಸು, ವಿಳಾಸದ ಉತ್ತರಗಳನ್ನು ಒಮ್ಮೆ ಬರೆದಿಟ್ಟರೆ ಪ್ರತಿ ಸಲ ಟೈಪ್ ಮಾಡುವುದು ತಪ್ಪುತ್ತದೆ. ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನಲ್ಲಿ 256 ಜನರನ್ನು ಹಾಕಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಇದು ತಿಳಿಯದೆ ನಾನು ಆರು ತಿಂಗಳು ಗಾಳಿಗೆ ಮೆಸೇಜ್ ಕಳಿಸಿದ್ದೇನೆ. ಹೊಸಬರು ಬಂದ ದಿನವೇ, "ನನ್ನ ನಂಬರ್ ಸೇವ್ ಮಾಡ್ಕೊಳ್ಳಿ, ರಜೆ ಇದ್ದರೆ ತಿಳಿಸಬೇಕಲ್ಲ" ಎಂದು ಎದುರಿಗೇ ಮಾಡಿಸಿ.

ದಿನಾ ಗುಡ್ ಮಾರ್ನಿಂಗ್, ಹೂವಿನ ಚಿತ್ರ ಬೇಡ. ವಾರಕ್ಕೆ ಎರಡು ಸ್ಟೇಟಸ್ ಸಾಕು.

ಫೋಟೋ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಶುರುವಿನಲ್ಲಿ ನಾನು ಶೀರ್ಷಾಸನ, ಮಯೂರಾಸನದ ಫೋಟೋ ಹಾಕುತ್ತಿದ್ದೆ. ಮೆಚ್ಚುಗೆ ಬರುತ್ತಿತ್ತು, ಜನ ಬರುತ್ತಿರಲಿಲ್ಲ. "ಇದೆಲ್ಲ ನಮ್ಮಿಂದ ಆಗಲ್ಲ ಬಿಡಿ" ಎಂದು ಅವರೇ ತೀರ್ಮಾನ ಮಾಡಿಕೊಳ್ಳುತ್ತಿದ್ದರು. ಒಂದು ದಿನ ಬೇರೇನೂ ತೋಚದೆ ಬಾಗಿಲ ಹೊರಗಿನ ಚಪ್ಪಲಿ ಸಾಲಿನ ಫೋಟೋ ಹಾಕಿದೆ. ಹವಾಯಿ ಚಪ್ಪಲಿ, ಕೆಸರು ಮೆತ್ತಿದ ರಬ್ಬರ್ ಚಪ್ಪಲಿ, ಜೊತೆಗೆ ಒದ್ದೆ ಛತ್ರಿಗಳು. ಅವತ್ತು ಐದು ಜನ ವಿಚಾರಿಸಿದರು. ನಮ್ಮಂಥವರೇ ಹೋಗುತ್ತಾರೆ ಎನ್ನುವುದು ಚಪ್ಪಲಿ ನೋಡಿ ಗೊತ್ತಾಯಿತಂತೆ.

ಹಾಗೆಯೇ, ಹೆಂಗಸರ ತರಗತಿಯ ಫೋಟೋವನ್ನು ಕೇಳದೆ ಎಲ್ಲಿಯೂ ಹಾಕಬೇಡಿ. ಗುಂಪಿನಲ್ಲಿ ಕೇಳಿದರೆ ಸಂಕೋಚಕ್ಕೆ ಹೂಂ ಎನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿ. "ಇಲ್ಲಿ ಫೋಟೋ ತೆಗೆಯುವುದಿಲ್ಲ" ಎಂದು ಬಾಗಿಲಲ್ಲಿ ಬರೆದರೆ ಅದೇ ಒಂದು ಪ್ರಚಾರ.

ಆರನೆಯದು: ಉಚಿತ ಶಿಬಿರ ಎಂಬ ಬಲೆ

ಹತ್ತು ದಿನದ ಉಚಿತ ಶಿಬಿರ ಮಾಡಿದರೆ ಅರವತ್ತು ಜನ ಬರುತ್ತಾರೆ. ಹನ್ನೊಂದನೇ ದಿನ ಫೀಸು ಎಂದ ಕೂಡಲೇ ಇಬ್ಬರು ಉಳಿಯುತ್ತಾರೆ. ನಾನು ಎರಡು ಸಲ ಹೀಗೆ ಸೋತಿದ್ದೇನೆ. ಈಗ ಏಳು ದಿನಕ್ಕೆ ನೂರು ರೂಪಾಯಿ ಇಟ್ಟಿದ್ದೇನೆ. ತಿಂಗಳಿಗೆ ಸೇರಿದರೆ ಆ ನೂರು ಫೀಸಿನಲ್ಲಿ ಕಳೆಯುತ್ತೇನೆ. ಬರುವವರು ಹದಿನೈದಕ್ಕೆ ಇಳಿದರು, ಉಳಿಯುವವರು ಏಳೆಂಟಕ್ಕೆ ಏರಿದರು. ನಿಜವಾಗಿ ಕಷ್ಟದಲ್ಲಿರುವವರಿಗೆ ಫೀಸು ಬಿಟ್ಟುಬಿಡಿ, ಅವರನ್ನು ಕರೆದು ಕೂರಿಸಿ. ಅದನ್ನು ಬೋರ್ಡಿನಲ್ಲಿ ಬರೆಯುವುದು ಬೇಡ.

ಏಳನೆಯದು: ಮಳೆ, ಅಡಿಕೆ, ರಥಸಪ್ತಮಿ

ಇದು ಬೆಂಗಳೂರಿನವರು ಬರೆದ ಪ್ರಚಾರದ ಪುಸ್ತಕಗಳಲ್ಲಿ ಸಿಗದ ಅಧ್ಯಾಯ. ಮಲೆನಾಡಿನಲ್ಲಿ ಯಾವ ತಿಂಗಳು ಏನು ಮಾಡಬೇಕು ಎನ್ನುವುದೇ ಅರ್ಧ ಕೆಲಸ.

ಜೂನ್ 21ರ ಅಂತರರಾಷ್ಟ್ರೀಯ ಯೋಗ ದಿನ 2015ರಿಂದ ನಡೆಯುತ್ತಿದೆ. ದೇಶಕ್ಕೆಲ್ಲ ಅದು ಹಬ್ಬ, ನಮಗೆ ಅದು ಮುಂಗಾರು. ಬಯಲಿನಲ್ಲಿ ಕಾರ್ಯಕ್ರಮ ಇಟ್ಟು ಆಕಾಶ ನೋಡುತ್ತಾ ಕೂರಬೇಡಿ. ಆ ದಿನ ಶಾಲೆ, ಬ್ಯಾಂಕು, ಕಚೇರಿಗಳಿಗೆ ಕಲಿಸುವವರು ಬೇಕಾಗಿರುತ್ತದೆ. ಮೇ ಕೊನೆಯಲ್ಲೇ ನಾಲ್ಕು ಕಡೆ ಹೋಗಿ, ಆಯುಷ್ ಸಚಿವಾಲಯದ 45 ನಿಮಿಷದ ಸಾಮಾನ್ಯ ಯೋಗಾಭ್ಯಾಸವನ್ನು ಮಾಡಿಸುತ್ತೇನೆ ಎಂದು ಹೇಳಿ ಬನ್ನಿ. ದುಡ್ಡು ಸಿಗದಿರಬಹುದು. ನಾನೂ ಒಂದು ಶಾಲೆಯಲ್ಲಿ ಚೆಂದವಾಗಿ ಮಾಡಿಸಿ, ಹಾರ ಹಾಕಿಸಿಕೊಂಡು ಬಂದೆ. ಯಾರ ಹತ್ತಿರವೂ ನನ್ನ ನಂಬರಿರಲಿಲ್ಲ! ಕಾರ್ಡು ಬ್ಯಾಗಿನಲ್ಲೇ ಉಳಿದಿತ್ತು. ಈಗ ಮೊದಲು ಕಾರ್ಡು, ಆಮೇಲೆ ಪ್ರಾರ್ಥನೆ.

ಮಳೆಗಾಲದಲ್ಲಿ ಹೊಸಬರನ್ನು ಹುಡುಕುವುದಕ್ಕಿಂತ ಇರುವವರನ್ನು ಉಳಿಸಿಕೊಳ್ಳಿ. ಬೆಳಗಿನ ತರಗತಿಯನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ. ಛತ್ರಿ ಇಡಲು ಒಂದು ಬಕೆಟ್, ಕಾಲೊರೆಸಲು ಒಂದು ಗೋಣಿತಾಟು. ಜಮಖಾನ ಬೂಷ್ಟು ಹಿಡಿದು ವಾಸನೆ ಬಂದರೆ ಒಬ್ಬೊಬ್ಬರೇ ಕಾರಣ ಹೇಳದೆ ಬಿಡುತ್ತಾರೆ. ಜುಲೈ, ಆಗಸ್ಟಿನಲ್ಲಿ ಬಿಸಿಲು ಬಿದ್ದ ದಿನ ಬೇರೆ ಕೆಲಸ ಬಿಟ್ಟು ಅವನ್ನು ಒಣಗಿಸಿ.

ಅಡಿಕೆ ಕೊಯ್ಲಿನ ಹೊತ್ತಿಗೆ, ಅಂದರೆ ನವೆಂಬರಿನಿಂದ ಜನವರಿವರೆಗೆ, ತೋಟದ ಮನೆಗಳಲ್ಲಿ ರಾತ್ರಿಯವರೆಗೂ ಸುಲಿಯುವ ಕೆಲಸ. ಯಾರಿಗೂ ಪುರುಸೊತ್ತಿಲ್ಲ. ಹಳ್ಳಿಯ ತರಗತಿ ಆಗ ಶುರು ಮಾಡಬೇಡಿ. ಕೊಯ್ಲು ಮುಗಿದ ಮೇಲೆ ಸೊಂಟ ನೋವೂ ಇರುತ್ತದೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ.

ಅದಕ್ಕೇ ನನ್ನ ಮಟ್ಟಿಗೆ ವರ್ಷದ ದೊಡ್ಡ ದಿನ ಜೂನ್ 21 ಅಲ್ಲ, ರಥಸಪ್ತಮಿ. ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತದೆ. ಆಕಾಶ ಶುಭ್ರ, ಹಿತವಾದ ಚಳಿ. ಅವತ್ತು 108 ಸೂರ್ಯನಮಸ್ಕಾರ ಮಾಡುವ ರೂಢಿ ಹೇಗೂ ಇದೆ. ಒಂದು ತಿಂಗಳ ಮುಂಚೆ "12ರಿಂದ 108ರವರೆಗೆ" ಎಂದು ತಯಾರಿ ತರಗತಿ ಇಡಿ. ಗುರಿ ಇದ್ದರೆ ಜನ ತಪ್ಪಿಸುವುದಿಲ್ಲ. ಮುಗಿದ ಮೇಲೆ ಎಲ್ಲರಿಗೂ ಕೋಸಂಬರಿ, ಪಾನಕ. ಹಿಂದಿನ ದಿನವೇ ಸ್ಥಳೀಯ ಪತ್ರಿಕೆಗಳಿಗೆ ಐದು ಸಾಲಿನ ಸುದ್ದಿ ಕೊಟ್ಟು ಬಂದರೆ "ಇಂದಿನ ಕಾರ್ಯಕ್ರಮ"ದಲ್ಲಿ ಹಾಕುತ್ತಾರೆ, ದುಡ್ಡಿಲ್ಲ. ಆಕಾಶವಾಣಿ ಭದ್ರಾವತಿ ಕೇಂದ್ರಕ್ಕೂ ಒಂದು ಪತ್ರ ಬರೆಯಿರಿ. ಹಳ್ಳಿಯ ಅಡುಗೆಮನೆಗಳಲ್ಲಿ ರೇಡಿಯೋ ಇನ್ನೂ ಮಾತಾಡುತ್ತಿದೆ.

ಸಾಗರ, ಆಗುಂಬೆ ಕಡೆಯವರಿಗೆ ಹೋಂಸ್ಟೇಗಳಿವೆ. ವಾರಾಂತ್ಯದ ಅತಿಥಿಗಳಿಗೆ ಬೆಳಗ್ಗೆ ಒಂದು ಗಂಟೆಯ ತರಗತಿ, ತಲೆಗಿಷ್ಟು ಎಂದು ಮಾತಾಡಿಕೊಳ್ಳಬಹುದು. ಹೆಚ್ಚುವರಿ ಆದಾಯಕ್ಕೆ ಸರಿ, ಅದನ್ನೇ ನಂಬುವ ಹಾಗಿಲ್ಲ.

ಎಂಟನೆಯದು: ಡಾಕ್ಟರ ಹತ್ತಿರ ಹೋಗುವ ರೀತಿ

ಮೂಳೆ ಡಾಕ್ಟರು, ಫಿಸಿಯೋಥೆರಪಿಯವರು ಒಮ್ಮೆ "ಅಲ್ಲಿಗೆ ಹೋಗಿ" ಎಂದರೆ ಅದಕ್ಕಿಂತ ದೊಡ್ಡ ಪ್ರಚಾರವಿಲ್ಲ. ಆದರೆ ಅವರಿಗೆ ಹೆದರಿಕೆ ಇರುತ್ತದೆ. ಯೋಗ ಮಾಡಿ ಬೆನ್ನು ಕೆಡಿಸಿಕೊಂಡವರನ್ನು ಅವರು ನೋಡಿರುತ್ತಾರೆ. ಹಾಗಾಗಿ ಏನೇನು ಮಾಡಿಸುತ್ತೀರಿ ಎಂದಲ್ಲ, ಏನು ಮಾಡಿಸುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬಿಪಿ ಇರುವವರಿಗೆ ಶೀರ್ಷಾಸನ ಇಲ್ಲ, ಉಸಿರು ಕಟ್ಟುವ ಕುಂಭಕ ಇಲ್ಲ. ಡಿಸ್ಕ್ ತೊಂದರೆ ಇದ್ದವರಿಗೆ ಮುಂದೆ ಬಗ್ಗುವ ಆಸನ ಇಲ್ಲ. ಆಪರೇಷನ್ ಆದವರು ಡಾಕ್ಟರ ಚೀಟಿ ಇಲ್ಲದೆ ಬರುವಂತಿಲ್ಲ. ಜೊತೆಗೆ ನಿಮ್ಮ ಪ್ರಮಾಣಪತ್ರದ ಪ್ರತಿ. ಆಯುಷ್ ಸಚಿವಾಲಯದಡಿಯ ಯೋಗ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ ಪಾಸಾಗಿದ್ದರೆ ಅದು ಮೇಲೆ ಇರಲಿ. ಕಮಿಷನ್ ಮಾತು ಎತ್ತಲೇಬೇಡಿ.

"ಸಕ್ಕರೆ ಕಾಯಿಲೆ ಗುಣ", "ಥೈರಾಯ್ಡ್ ಮಾಯ" ಎಂದು ಎಲ್ಲಿಯೂ ಬರೆಯಬೇಡಿ. ಔಷಧಗಳು ಕೆಲವು ಕಾಯಿಲೆಗಳನ್ನು ಗುಣಪಡಿಸುತ್ತವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ, ಆ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯೂ ಇದೆ. ಯೋಗ ಔಷಧವಲ್ಲ, ಸರಿ. ಆದರೆ ನಿಮ್ಮ ಮಾತು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ?

ಕೊನೆಗೆ: ದುಡ್ಡು ಕೊಟ್ಟು ಜಾಹೀರಾತು, ಮತ್ತು ಒಂದು ನೋಟ್ ಬುಕ್

ಮುಟ್ಟಬೇಡಿ ಎಂದಿದ್ದ 1,300 ಈಗ ತೆಗೆಯಿರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕುವಾಗ ಜಿಲ್ಲೆಯನ್ನೆಲ್ಲ ಆರಿಸದೆ ನಿಮ್ಮ ಬಾಗಿಲಿಗೆ ಪಿನ್ ಇಟ್ಟು ಸುತ್ತಲಿನ ಕೆಲವೇ ಕಿಲೋಮೀಟರ್ ಆರಿಸಿ. ಹೊಸ ಬ್ಯಾಚಿಗೆ ಹತ್ತು ದಿನ ಮುಂಚೆ ಮಾತ್ರ ಹಾಕಿ. ಒತ್ತಿದರೆ ನೇರ ವಾಟ್ಸಾಪ್ ತೆರೆಯಲಿ. ಬಂದ ಮೆಸೇಜಿಗೆ ಅದೇ ಸಂಜೆಯೊಳಗೆ ಉತ್ತರ ಕೊಡದಿದ್ದರೆ ಆ ದುಡ್ಡು ತುಂಗೆಗೆ ಹಾಕಿದಂತೆ.

ನೋಟ್ ಬುಕ್ಕಿನಲ್ಲಿ ಎರಡೇ ಕಾಲಂ ಸಾಕು. ಬಂದವರ ಹೆಸರು, ಯಾರು ಹೇಳಿದ್ದು. ಸೇರುವ ದಿನವೇ ಕೇಳಿ ಬರೆಯಿರಿ. ಮೂರು ತಿಂಗಳಿಗೊಮ್ಮೆ ಕೂತು ಓದಿ. ಯಾವ ದಾರಿಯಿಂದ ಯಾರೂ ಬಂದಿಲ್ಲವೋ ಅಲ್ಲಿ ಖರ್ಚು ನಿಲ್ಲಿಸಿ. ನನ್ನ ಪುಸ್ತಕದಲ್ಲಿ ಪೇಪರ್ ಪಾಂಪ್ಲೆಟ್‌ನ ಮುಂದೆ ಇವತ್ತಿಗೂ ಸೊನ್ನೆ. ಗಿರಣಿಯಲ್ಲಿ ಸಿಕ್ಕ ಆ ಅಕ್ಕನ ಹೆಸರು ಮಾತ್ರ ಎರಡನೇ ಕಾಲಂನಲ್ಲಿ ಹನ್ನೊಂದು ಸಲ ಇದೆ. ಹೊಸ ಬ್ಯಾಚು ಶುರು ಮಾಡುವ ಮುಂಚೆ ಈಗ ನಾನು ಮೊದಲು ಫೋನ್ ಮಾಡುವುದು ಅವರಿಗೆ.